ಸ್ಟಾಫ್ ರೂಮಿಗೆ ಮರಳಿದ ಹಾಜರಿ ಪುಸ್ತಕ

2024ರ ಆಗಸ್ಟ್ ತಿಂಗಳ ಒಂದು ಸೋಮವಾರ. ಬಸ್ಸಿಳಿದು ಎಂದಿನ ಹಾಗೆ ಓಡುನಡಿಗೆಯಲ್ಲಿ ಗೇಟು ದಾಟಿ ಸೀದಾ ಎಚ್.ಎಂ., ಅಂದರೆ ಮುಖ್ಯ ಶಿಕ್ಷಕರ ಕೋಣೆಗೆ ಹೋದೆ. ಹಾಜರಿ ಪುಸ್ತಕ ಅಲ್ಲಿರಲಿಲ್ಲ. ಎದೆ ಧಸಕ್ಕೆಂದಿತು. ಐದು ವರ್ಷದಿಂದ ಆ ಪುಸ್ತಕ ಇರುತ್ತಿದ್ದದ್ದು ಎಚ್.ಎಂ. ಮೇಜಿನ ಎಡಮೂಲೆಯಲ್ಲಿ. ಗಂಟೆ 9.50 ದಾಟಿದರೆ ಹೆಸರಿನ ಮುಂದೆ ಕೆಂಪು ಶಾಯಿಯ ಸುತ್ತು. ಮೂರು ಸುತ್ತು ಬಿದ್ದರೆ ಒಂದು ಸಿ.ಎಲ್. (ಸಾಂದರ್ಭಿಕ ರಜೆ) ಹೋಯಿತು.

"ಮೇಡಂ, ಪುಸ್ತಕ ಸ್ಟಾಫ್ ರೂಮಲ್ಲೈತೆ" ಅಂದ ನಮ್ಮ ಡಿ ಗ್ರೂಪ್ ನೌಕರ.

ಹೋಗಿ ನೋಡಿದೆ. ನಮ್ಮ ಉದ್ದನೆಯ ಮೇಜಿನ ಮೇಲೆ ಪುಸ್ತಕ ತೆರೆದುಕೊಂಡಿತ್ತು. ಪಕ್ಕದಲ್ಲಿ ಒಂದು ನೀಲಿ ಪೆನ್ನು, ಅದಕ್ಕೆ ಗೋಣಿದಾರ ಸುತ್ತಿ ಮೇಜಿನ ಕಾಲಿಗೆ ಕಟ್ಟಿತ್ತು. ನನಗಿಂತ ಮುಂಚೆ ಬಂದ ಐವರು ಸಹಿ ಹಾಕಿ ಏನೂ ಮಾತಾಡದೆ ನಿಂತಿದ್ದರು. ಹೊಸ ಎಚ್.ಎಂ. ಬಂದು ಅವತ್ತಿಗೆ ನಾಲ್ಕನೇ ದಿನ.

ಈಗ ಒಂದೂವರೆ ವರ್ಷವಾಗುತ್ತಾ ಬಂತು. ಸತ್ತಂತಿದ್ದ ಒಂದು ಸ್ಟಾಫ್ ರೂಮು ಮತ್ತೆ ಹೇಗೆ ಉಸಿರಾಡಿತು ಅನ್ನುವುದನ್ನು ಹತ್ತಿರದಿಂದ ಕಂಡಿದ್ದೇನೆ. ಬೇರೆ ಶಾಲೆಗಳ ಗೆಳತಿಯರು ಫೋನಿನಲ್ಲಿ "ನಿಮ್ಮಲ್ಲಿ ಏನು ಮಾಡಿದ್ರು?" ಎಂದು ಕೇಳುತ್ತಲೇ ಇರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಅರಸೀಕೆರೆ ಸೀಮೆಯ ಒಂದು ಸರ್ಕಾರಿ ಪ್ರೌಢಶಾಲೆ. ಎಂಟರಿಂದ ಹತ್ತನೇ ತರಗತಿ, ನೂರಾ ಎಪ್ಪತ್ತು ಚಿಲ್ಲರೆ ಮಕ್ಕಳು. ಸುತ್ತ ತೆಂಗಿನ ತೋಟ, ಅದರಾಚೆ ರಾಗಿ ಹೊಲ. ನಾನು ಪಿ.ಸಿ.ಎಂ. ಶಿಕ್ಷಕಿ, ಅಂದರೆ ಮೂರೂ ತರಗತಿಗೆ ಗಣಿತ, ಜೊತೆಗೆ ಭೌತಶಾಸ್ತ್ರದ ಪಾಠಗಳು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಬೋರ್ಡಿನ ಮುಂದೆ ನಿಂತರೆ ಹೊತ್ತು ಹೋದದ್ದೇ ಗೊತ್ತಾಗುತ್ತಿರಲಿಲ್ಲ. 2024ರ ಮೇ ತಿಂಗಳ ಹೊತ್ತಿಗೆ ನಾನು ಕೆಲಸ ಬಿಡುವ ಲೆಕ್ಕ ಹಾಕುತ್ತಿದ್ದೆ.

ಆ ವರ್ಷದ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಮೊದಲ ಸಲ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ನಕಲು ನಿಂತಿತು, ಅದು ಒಳ್ಳೆಯದೇ ಆಯಿತು. ಆದರೆ 2023ರಲ್ಲಿ ಶೇ 83.89 ಇದ್ದ ರಾಜ್ಯದ ಫಲಿತಾಂಶ, ಕೃಪಾಂಕವನ್ನು ಶೇ 20ಕ್ಕೆ ಏರಿಸಿದ ಮೇಲೂ 73.40ಕ್ಕೆ ಇಳಿಯಿತು. ನಮ್ಮ ಶಾಲೆಯಲ್ಲಿ ನಲವತ್ತೇಳು ಮಕ್ಕಳಲ್ಲಿ ಪಾಸಾದವರು ಇಪ್ಪತ್ತೊಂಬತ್ತು. ಫೇಲಾದವರಲ್ಲಿ ಹೆಚ್ಚಿನವರಿಗೆ ಕೈಕೊಟ್ಟದ್ದು ನನ್ನ ವಿಷಯ. ಫಲಿತಾಂಶ ಬಂದ ಮೂರನೇ ದಿನಕ್ಕೆ ಆಗಿನ ಎಚ್.ಎಂ. ನನ್ನ ಕೈಗೆ ಕಾರಣ ಕೇಳಿ ನೋಟಿಸ್ ಕೊಟ್ಟರು. ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರಿಗೆ, ಗಟ್ಟಿಯಾಗಿ ಓದಿಯೇ ಕೊಟ್ಟರು. ಯಾರೂ ತಲೆ ಎತ್ತಲಿಲ್ಲ. ಅವರ ಮೇಲೂ ಒತ್ತಡವಿತ್ತು, ಅದು ನನಗೆ ಗೊತ್ತಿದೆ. ಮೇಲಿನ ಸಭೆಯಲ್ಲಿ ಅವರನ್ನೂ ಎದ್ದು ನಿಲ್ಲಿಸಿದ್ದರಂತೆ. ಅಲ್ಲಿ ಅವರು ಉಂಡದ್ದನ್ನು ಇಲ್ಲಿ ನಮಗೆ ಬಡಿಸಿದರು. ನಾವು ಅದನ್ನು ತರಗತಿಗೆ ಒಯ್ದೆವು. ಆ ಜೂನ್‌ನಲ್ಲಿ ನಾನೊಂದು ಹುಡುಗಿಗೆ "ನಿನ್ನಂಥವರಿಂದಲೇ ನಮಗೆ ಈ ಗತಿ" ಅಂದುಬಿಟ್ಟೆ. ಆ ಮಗು ಮಾರನೆಯ ದಿನ ಶಾಲೆಗೆ ಬರಲಿಲ್ಲ. ಈ ಮಾತು ನನಗೆ ಇವತ್ತಿಗೂ ನುಂಗಲಾಗದ ತುತ್ತು.

ಮನೆಯಲ್ಲೂ ನೆಮ್ಮದಿಯಿರಲಿಲ್ಲ. ಶಾಲೆಯ ವಾಟ್ಸ್ಆ್ಯಪ್ ಗ್ರೂಪು ಬೆಳಿಗ್ಗೆ ಆರಕ್ಕೆ ಶುರುವಾದರೆ ರಾತ್ರಿ ಹನ್ನೊಂದರ ತನಕ. "ತುರ್ತು", "ಅತಿ ತುರ್ತು", "ಈ ಕೂಡಲೇ". ಹಾಲು ಕುಡಿಸಿದ ಫೋಟೋ, ಮೊಟ್ಟೆ ಕೊಟ್ಟ ಫೋಟೋ, ಪ್ರಾರ್ಥನೆಯ ಫೋಟೋ, ಸೋಮವಾರದ ಕಬ್ಬಿಣಾಂಶದ ಮಾತ್ರೆ ನುಂಗಿಸಿದ ಫೋಟೋ. ನನ್ನ ಮಗಳು ಆಗ ಎರಡನೇ ತರಗತಿ. ಒಂದು ರಾತ್ರಿ ಅವಳ ಡೈರಿ ತೆಗೆದು ನೋಡಿದರೆ ಅವಳ ಟೀಚರು ಮೂರು ಕಡೆ ಕೆಂಪು ಶಾಯಿಯಲ್ಲಿ "ಪೋಷಕರು ಗಮನಿಸಬೇಕು" ಎಂದು ಬರೆದಿದ್ದರು. ಕೆಳಗೆ ನನ್ನ ಮಾವನವರ ನಡುಗುವ ಸಹಿ. ಅದೇ ಮಾತನ್ನು ಅವತ್ತೇ ಮಧ್ಯಾಹ್ನ ನಾನು ಎಷ್ಟೋ ಮಕ್ಕಳ ಪುಸ್ತಕದಲ್ಲಿ ಬರೆದು ಬಂದಿದ್ದೆ.

ಸ್ಟಾಫ್ ರೂಮಿನಲ್ಲಿ ಆಗ ನಾವು ಒಬ್ಬರ ಜೊತೆ ಒಬ್ಬರು ಮಾತಾಡುವುದನ್ನೇ ಬಿಟ್ಟಿದ್ದೆವು. ಆಡಿದ ಮಾತು ಸಂಜೆಯೊಳಗೆ ಎಚ್.ಎಂ. ಕಿವಿ ಮುಟ್ಟುತ್ತಿತ್ತು. ಯಾರು ಹೇಳುತ್ತಾರೆ ಅನ್ನುವ ಅನುಮಾನ ಎಲ್ಲರಿಗೂ ಎಲ್ಲರ ಮೇಲೂ. ಮಧ್ಯಾಹ್ನದ ಚಹಾ ನಿಂತಿತ್ತು. ಡಬ್ಬಿಯನ್ನು ತಂತಮ್ಮ ಲ್ಯಾಬಿನಲ್ಲೋ ಲೈಬ್ರರಿಯಲ್ಲೋ ಬಿಚ್ಚಿ ಊಟ ಮಾಡುತ್ತಿದ್ದೆವು. ನಮ್ಮ ಸಿ.ಬಿ.ಝಡ್. ಮೇಡಂ (ರಸಾಯನಶಾಸ್ತ್ರ, ಜೀವಶಾಸ್ತ್ರದ ಶಿಕ್ಷಕಿ) ವರ್ಗಾವಣೆ ಕೌನ್ಸೆಲಿಂಗ್ ಯಾವಾಗ ಎಂದು ದಿನ ಎಣಿಸುತ್ತಿದ್ದರು. "ಎಲ್ಲಿಗಾದ್ರೂ ಸರಿ, ಇಲ್ಲಿಂದ ಹೋದ್ರೆ ಸಾಕು" ಅನ್ನುವುದೊಂದೇ ಅವರ ಜಪವಾಗಿತ್ತು.

ಜುಲೈ ಕೊನೆಗೆ ಹಳೆಯ ಎಚ್.ಎಂ. ಬೇರೆ ತಾಲ್ಲೂಕಿಗೆ ಹೋದರು. ಹೊಸಬರು ಬಂದರು. ಐವತ್ತನಾಲ್ಕರ ಹೆಂಗಸು, ಕಾಟನ್ ಸೀರೆ, ಹೆಗಲಿಗೆ ಒಂದು ಬಟ್ಟೆಚೀಲ. ಮೂಲತಃ ಸಮಾಜ ವಿಜ್ಞಾನದ ಶಿಕ್ಷಕಿ. ಮೊದಲ ಸ್ಟಾಫ್ ಮೀಟಿಂಗಿಗೆ ನಾವೆಲ್ಲ ನೋಟ್‌ಬುಕ್ ಹಿಡಿದು ಕೂತೆವು. ಅವರು ತಮ್ಮ ಹೆಸರು, ಊರು ಹೇಳಿ, "ನಂಗಿನ್ನೂ ಈ ಶಾಲೆ ಗೊತ್ತಿಲ್ಲ. ಒಂದು ತಿಂಗಳು ಏನೂ ಬದಲಾಯಿಸಲ್ಲ, ನೋಡ್ತೀನಿ ಅಷ್ಟೆ. ಹಾಜರಿ ಪುಸ್ತಕ ಮಾತ್ರ ನಿಮ್ಮ ಹತ್ರ ಇರ್ಲಿ" ಎಂದರು. ಏಳು ನಿಮಿಷಕ್ಕೆ ಮೀಟಿಂಗ್ ಮುಗಿಯಿತು.

ಆ ತಿಂಗಳು ಅವರು ಮಾಡಿದ್ದು ಎರಡೇ ಕೆಲಸ. ಒಂಬತ್ತನೇ ತರಗತಿಗೆ ವಾರಕ್ಕೆ ನಾಲ್ಕು ಪೀರಿಯಡ್ ಸಮಾಜ ಪಾಠ ತೆಗೆದುಕೊಂಡರು. ಆಮೇಲೆ ನಮ್ಮೊಬ್ಬೊಬ್ಬರ ಜೊತೆ ಅರ್ಧ ಗಂಟೆ ಕೂತು ಮಾತಾಡಿದರು, ಅದೂ ನಾವಿದ್ದಲ್ಲಿಗೇ ಬಂದು. ನನ್ನ ಸರದಿ ಬಂದಾಗ ಲ್ಯಾಬಿನ ಸ್ಟೂಲು ಎಳೆದುಕೊಂಡು ಕೂತು, "ನಿಮಗೆ ಇಲ್ಲಿ ಯಾವ ಕೆಲಸ ಇಷ್ಟ?" ಅಂತ ಕೇಳಿದರು. ಏನು ತೊಂದರೆ ಎಂದು ಕೇಳುತ್ತಾರೆ ಅಂದುಕೊಂಡು ಉತ್ತರ ಸಿದ್ಧ ಮಾಡಿಕೊಂಡಿದ್ದೆ. ಇಷ್ಟದ ಕೆಲಸದ ಮಾತು ಬಂದಾಗ ಗಂಟಲು ಕಟ್ಟಿತು. ಸ್ವಲ್ಪ ಹೊತ್ತಿನ ಮೇಲೆ, "ಪಾಠ ಮಾಡೋದು ಮೇಡಂ. ಆದ್ರೆ ತಯಾರಿ ಮಾಡ್ಕೊಂಡು ಪಾಠ ಮಾಡಿ ಎರಡು ವರ್ಷ ಆಯ್ತು" ಎಂದೆ. ಅವರು ತಲೆಯಾಡಿಸಿ ಎದ್ದರು, ಸಮಾಧಾನದ ಮಾತೇನೂ ಆಡಲಿಲ್ಲ.

ಸೆಪ್ಟೆಂಬರ್ ಮೊದಲ ವಾರ ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟರು. ಒಂದು ವಾರ, ಪ್ರತಿ ಪೀರಿಯಡ್‌ನಲ್ಲಿ ಏನು ಮಾಡಿದೆವು, ಶಾಲೆ ಬಿಟ್ಟ ಮೇಲೆ ಶಾಲೆಯ ಕೆಲಸಕ್ಕೆ ಎಷ್ಟು ಹೊತ್ತು ಹೋಯಿತು ಎಂದು ಬರೆಯಬೇಕು. ಹೆಸರು ಬೇಡ. ಹಿರಿಯರಾದ ಕನ್ನಡ ಮೇಷ್ಟ್ರು ಮೊದಲು ಒಪ್ಪಲಿಲ್ಲ. "ಇದನ್ನೇ ನಾಳೆ ನಮ್ಮ ಮೇಲೆ ತಿರುಗಿಸ್ತಾರೆ ಕಣಮ್ಮಾ" ಅಂತ ನನ್ನ ಹತ್ತಿರ ಪಿಸುಗುಟ್ಟಿದರು. ಕೊನೆಗೆ ಬರೆದರು. ನನ್ನ ಹಾಳೆಯಲ್ಲಿ ಪಾಠಕ್ಕೆ ಇಪ್ಪತ್ತೇಳು ಪೀರಿಯಡ್ ಇತ್ತು. ವಹಿಗಳು, ಆನ್‌ಲೈನ್ ಎಂಟ್ರಿ, ಫೋಟೋ ಇವಕ್ಕೆ ಹನ್ನೊಂದು ಗಂಟೆ. ಮನೆಗೆ ಹೋದ ಮೇಲೆ ಫೋನಿನಲ್ಲಿ ಆರು ಗಂಟೆ. ತಯಾರಿಯ ಕಾಲಂ ಖಾಲಿ. ಎಂಟು ಹಾಳೆಗಳನ್ನೂ ಒಟ್ಟಿಗೆ ಗೋಡೆಗೆ ಅಂಟಿಸಿದಾಗ ಕಂಡದ್ದು, ಆ ಕಾಲಂ ಎಲ್ಲರದ್ದೂ ಹೆಚ್ಚು ಕಡಿಮೆ ಖಾಲಿಯೇ. ನಾನೊಬ್ಬಳೇ ಹಿಂದೆ ಬಿದ್ದಿದ್ದೇನೆ ಎಂದು ಎರಡು ವರ್ಷ ಒಳಗೊಳಗೇ ಕುಗ್ಗಿದ್ದೆ. ಆ ಗೋಡೆಯ ಮುಂದೆ ನಿಂತಾಗ ಪಕ್ಕದಲ್ಲಿದ್ದ ಸಿ.ಬಿ.ಝಡ್. ಮೇಡಂ ನನ್ನ ಕೈ ಹಿಡಿದುಕೊಂಡರು.

ಎಚ್.ಎಂ. ಅವತ್ತು ಒಂದು ವಿಷಯ ಓದಿ ಹೇಳಿದರು. ಶಿಕ್ಷಣ ಹಕ್ಕು ಕಾಯ್ದೆ, 2009ರ ಅನುಸೂಚಿಯಲ್ಲಿ ಶಿಕ್ಷಕರ ವಾರದ ಕನಿಷ್ಠ ಕೆಲಸದ ಅವಧಿ 45 ಗಂಟೆ ಎಂದಿದೆ, ತಯಾರಿಯ ಹೊತ್ತೂ ಸೇರಿ. ಕಾಯ್ದೆ ಅನ್ವಯಿಸುವುದು ಎಂಟನೇ ತರಗತಿಯವರೆಗೆ. ಆದರೂ ತಯಾರಿ ಅನ್ನುವುದು ಕೆಲಸದ ಭಾಗ ಎಂದು ಕಾನೂನೇ ಬರೆದಿಟ್ಟಿದೆ ಅನ್ನುವುದನ್ನು ನಾನು ಅವತ್ತಿನವರೆಗೆ ಯಾವ ತರಬೇತಿಯಲ್ಲೂ ಕೇಳಿರಲಿಲ್ಲ.

ಆಮೇಲೆ ನಡೆದದ್ದು ವಹಿಗಳ ಶನಿವಾರ. ಬೆಳಗಿನ ಶಾಲೆ ಮುಗಿದ ಮೇಲೆ ಎಲ್ಲ ವಹಿಗಳನ್ನೂ ತಂದು ಮೇಜಿನ ಮೇಲೆ ಪೇರಿಸಲು ಹೇಳಿದರು. ಇಪ್ಪತ್ಮೂರು ವಹಿ. ಒಂದೊಂದನ್ನೇ ಎತ್ತಿ ಹಿಡಿದು ಕೇಳಿದ್ದು ಒಂದೇ ಪ್ರಶ್ನೆ: "ಇದನ್ನ ಯಾರು ಕೇಳಿದ್ದಾರೆ? ಸುತ್ತೋಲೆ ಇದ್ಯಾ?" ಹಾಜರಾತಿ, ಬಿಸಿಯೂಟದ ದಾಸ್ತಾನು, ದಾಖಲಾತಿ, ನಗದು ಪುಸ್ತಕ, ಮನೆ ಭೇಟಿ, ಇವೆಲ್ಲ ಬೇಕೇ ಬೇಕು. ಆದರೆ ಗೈರುಹಾಜರಾದ ಮಕ್ಕಳ ಹೆಸರನ್ನು ಮೂರು ಕಡೆ ಬರೆಯುತ್ತಿದ್ದೆವು, ಜೊತೆಗೆ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆಯಾದ ಎಸ್‌ಎಟಿಎಸ್‌ನಲ್ಲೂ. ಯಾಕೆ ಅಂತ ಕೇಳಿದರೆ ನಮ್ಮೆಲ್ಲರ ಉತ್ತರ "ಮೇಲಿಂದ ಕೇಳಿದ್ದಾರೆ". ಮೇಲಿಂದ ಅಂದರೆ ಯಾರು? ಗುಮಾಸ್ತರು ಹಳೆಯ ಕಡತ ತೆಗೆದರು. ಒಂದು ಶುಚಿತ್ವ ವಹಿಯ ಹುಟ್ಟು 2016ರ ಒಂದು ತಪಾಸಣೆಯ ದಿನಕ್ಕೆ ಹೋಗಿ ಮುಟ್ಟಿತು. ಬಂದ ಅಧಿಕಾರಿಗೆ ತೋರಿಸಲೆಂದು ಆ ವಾರ ಶುರು ಮಾಡಿದ್ದು. ಅವರು ಹೋದ ಮೇಲೂ ಎಂಟು ವರ್ಷ, ಪ್ರತಿ ದಿನ, ಯಾರೋ ಒಬ್ಬ ಶಿಕ್ಷಕರು ಅದರಲ್ಲಿ ಶೌಚಾಲಯ, ನೀರಿನ ತೊಟ್ಟಿ, ಅಂಗಳ ಎಂದು ಟಿಕ್ ಹಾಕುತ್ತಾ ಬಂದಿದ್ದರು. ಅದನ್ನು ತೆರೆದು ನೋಡಿದವರು ಯಾರೂ ಇಲ್ಲ.

ಆ ಮಧ್ಯಾಹ್ನ ಒಂಬತ್ತು ವಹಿ ಮುಚ್ಚಿದವು. ಒಂದೊಂದರ ಕೊನೆಯ ಪುಟದಲ್ಲೂ ಎಚ್.ಎಂ. "ಈ ದಿನದಿಂದ ಮುಕ್ತಾಯಗೊಳಿಸಿದೆ" ಎಂದು ಬರೆದು ತಮ್ಮ ಸಹಿ, ಸೀಲು ಹಾಕಿದರು. ನಾಳೆ ಯಾರಾದರೂ ಕೇಳಿದರೆ ಉತ್ತರ ಹೇಳುವವರು ಅವರು. ನಮ್ಮಲ್ಲಿ ನಂಬಿಕೆ ಮೊಳೆತದ್ದು ಆ ಸೀಲಿನಿಂದ ಎಂದು ನಾನು ಹೇಳುತ್ತೇನೆ. ಪ್ರೇರಣೆ ತುಂಬುವ ತರಬೇತಿಗಳಿಗೆ ನಾವೆಲ್ಲ ಹೋಗಿದ್ದೇವೆ. ಚಪ್ಪಾಳೆ ತಟ್ಟಿಸುತ್ತಾರೆ, ಕಣ್ಣು ಮುಚ್ಚಿಸುತ್ತಾರೆ, ವಾಪಸ್ ಬಂದರೆ ಅದೇ ಇಪ್ಪತ್ಮೂರು ವಹಿ ಕಾಯುತ್ತಿರುತ್ತವೆ. ಶಿಕ್ಷಕರ ಮನಸ್ಸು ಕುಸಿಯುವುದು ಅವರ ಹೊತ್ತಿಗೆ ಬೆಲೆ ಇಲ್ಲದಾದಾಗ. ಅದನ್ನು ಎತ್ತಬೇಕಾದರೆ ಯಾರಾದರೂ ಅವರ ಹೊತ್ತನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ತಮ್ಮ ಸಹಿ ಹಾಕಿ.

ವಾಟ್ಸ್ಆ್ಯಪ್‌ಗೆ ಅವರು ಮಾಡಿದ ನಿಯಮ ಸರಳ. ಸಂಜೆ ಆರರಿಂದ ಬೆಳಿಗ್ಗೆ ಎಂಟರವರೆಗೆ ಗ್ರೂಪಿನಲ್ಲಿ ಏನೂ ಬರುವುದಿಲ್ಲ. ಮೇಲಿನಿಂದ ರಾತ್ರಿ ಬಂದ ಸಂದೇಶವನ್ನು ಅವರೇ ಓದಿ, ಬೇಕಾದ ಮಾಹಿತಿ ತಮ್ಮ ಬಳಿ ಇದ್ದರೆ ಕಳಿಸುತ್ತಾರೆ, ಇಲ್ಲದಿದ್ದರೆ ಬೆಳಿಗ್ಗೆ. ನಿಜವಾದ ತುರ್ತಿದ್ದರೆ ಫೋನ್ ಮಾಡುತ್ತಾರೆ. ಅಕ್ಟೋಬರ್‌ನಲ್ಲಿ ಒಮ್ಮೆ ಅವರೇ ಮರೆತು ರಾತ್ರಿ ಒಂಬತ್ತೂವರೆಗೆ ಒಂದು ನಮೂನೆ ಹಾಕಿದರು. ಮಾರನೆಯ ದಿನ ಪ್ರಾರ್ಥನೆ ಮುಗಿದ ಮೇಲೆ ಸ್ಟಾಫ್ ರೂಮಿಗೆ ಬಂದು, "ನಿನ್ನೆ ನಂದು ತಪ್ಪಾಯ್ತು" ಎಂದರು. ಹದಿನಾಲ್ಕು ವರ್ಷದ ನೌಕರಿಯಲ್ಲಿ ಒಬ್ಬ ಎಚ್.ಎಂ. ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು.

ಮೊಟ್ಟೆಯ ವಿಷಯವನ್ನೂ ಹೇಳಬೇಕು. 2024ರ ಸೆಪ್ಟೆಂಬರ್ ಕೊನೆಯಿಂದ ಮಕ್ಕಳಿಗೆ ವಾರಕ್ಕೆ ಆರು ದಿನ ಮೊಟ್ಟೆ ಕೊಡುವುದು ಶುರುವಾಯಿತು. ಮಕ್ಕಳಿಗೆ ಅದೊಂದು ವರ. ನಮ್ಮಲ್ಲಿ ಬರುವ ಎಷ್ಟೋ ಮಕ್ಕಳು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರುತ್ತಾರೆ. ಆದರೆ ಕೊಳ್ಳುವುದು, ಬೇಯಿಸುವುದು, ಸುಲಿಯುವುದು ಎಲ್ಲ ಸೇರಿ ಒಂದಕ್ಕೆ ಆಗ ಸಿಗುತ್ತಿದ್ದದ್ದು 6 ರೂಪಾಯಿ. ಅಂಗಡಿಯಲ್ಲಿ ಬೆಲೆ ಏರಿದರೆ? ಒಡೆದು ಹೋದರೆ? ಹಿಂದೆಲ್ಲ ಆ ವ್ಯತ್ಯಾಸ ಸಿ.ಬಿ.ಝಡ್. ಮೇಡಂ ಪರ್ಸಿನಿಂದ ಹೋಗುತ್ತಿತ್ತು, ಬಿಸಿಯೂಟದ ಜವಾಬ್ದಾರಿ ಅವರದ್ದು. ಹೊಸ ಎಚ್.ಎಂ. ಲೆಕ್ಕವನ್ನು ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ಎಸ್‌ಡಿಎಂಸಿ ಸಭೆಯಲ್ಲಿಟ್ಟರು. ಊರಿನ ಇಬ್ಬರು ಕೋಳಿ ಸಾಕುವವರು ಮತ್ತು ಅಧ್ಯಕ್ಷರು ಮಾತಾಡಿಕೊಂಡು ಸಗಟು ದರಕ್ಕೆ ಟ್ರೇಗಟ್ಟಲೆ ಶಾಲೆಗೇ ತಂದು ಇಳಿಸುವ ವ್ಯವಸ್ಥೆ ಮಾಡಿದರು. ಎಣಿಸಿಕೊಳ್ಳುವುದು ಅಡುಗೆಯವರ ಕೆಲಸವಾಯಿತು. ಬೆಳಿಗ್ಗೆ ಮೊಟ್ಟೆ ಟ್ರೇ ಹಿಡಿದು ಬಸ್ಸಿನಲ್ಲಿ ನಿಂತು ಬರುತ್ತಿದ್ದ ಆ ಮೇಡಂ, ಅವತ್ತಿನಿಂದ ಸೂಕ್ಷ್ಮದರ್ಶಕ ಒರೆಸಿ ಇಡಲು ಶುರು ಮಾಡಿದರು. ಎರಡು ವರ್ಷದ ಮೇಲೆ ಒಂಬತ್ತನೇ ತರಗತಿಯ ಮಕ್ಕಳು ಈರುಳ್ಳಿ ಸಿಪ್ಪೆಯ ಜೀವಕೋಶ ನೋಡಿದರು.

ಎಲ್ಲವೂ ಸಲೀಸಾಗಿ ನಡೆಯಲಿಲ್ಲ. ಸೆಪ್ಟೆಂಬರ್‌ನಲ್ಲಿ ಎಚ್.ಎಂ. ಸಂಜೆಯ ವಿಶೇಷ ತರಗತಿಗಳನ್ನು ಪೂರ್ತಿ ನಿಲ್ಲಿಸಿದ್ದರು. 4.30ಕ್ಕೆ ಎಲ್ಲರೂ ಮನೆಗೆ. ನಾವು ಖುಷಿಪಟ್ಟೆವು. ಅರ್ಧವಾರ್ಷಿಕ ಪರೀಕ್ಷೆಯ ಪೇಪರ್ ತಿದ್ದುವಾಗ ನನ್ನ ಖುಷಿ ಇಳಿಯಿತು. ಹತ್ತನೇ ತರಗತಿಯಲ್ಲಿ ಗಣಿತಕ್ಕೆ ಒಂದಂಕಿ ಪಡೆದವರು ಹದಿನಾಲ್ಕು ಮಂದಿ. ಈ ಮಕ್ಕಳಿಗೆ ಮನೆಯಲ್ಲಿ ಹೇಳಿಕೊಡುವವರಿಲ್ಲ, ಟ್ಯೂಷನ್ ಇಲ್ಲ. ನಮ್ಮ ನೆಮ್ಮದಿಯ ಬೆಲೆಯನ್ನು ಅವರು ತೆರುತ್ತಿದ್ದರು. ನಾನು ಮೀಟಿಂಗಿನಲ್ಲಿ ಇದನ್ನೆತ್ತಿದೆ. ಸಮಾಜ ವಿಜ್ಞಾನದ ಸರ್ ಸಿಟ್ಟಾದರು, "ಈಗ ತಾನೇ ಮನೇಲಿ ಹೆಂಡ್ತಿ ಮಕ್ಕಳ ಮುಖ ನೋಡ್ತಿದೀವಿ, ಮತ್ತೆ ಶುರು ಮಾಡ್ತೀರಲ್ಲ ಮೇಡಂ" ಎಂದರು. ಮಾತಿಗೆ ಮಾತು ಬೆಳೆಯಿತು. ಎದ್ದು ಹೋದರು. ವಿಚಿತ್ರವೆಂದರೆ ಆ ಜಗಳ ಆದ ದಿನವೇ ನನಗೆ ಶಾಲೆ ಸರಿಯಾಗುತ್ತಿದೆ ಅನ್ನಿಸಿದ್ದು. ಹಿಂದಿನ ಐದು ವರ್ಷದಲ್ಲಿ ಒಬ್ಬರ ಎದುರು ಒಬ್ಬರು ಜಗಳ ಆಡುವಷ್ಟೂ ಧೈರ್ಯ ನಮಗಿರಲಿಲ್ಲ.

ಎಚ್.ಎಂ. ಎರಡು ದಿನ ಬಿಟ್ಟು ಒಂದು ವೇಳಾಪಟ್ಟಿ ತಂದರು. ಸಂಜೆ ಒಂದು ಗಂಟೆ ತರಗತಿ ಇರುತ್ತದೆ, ಕಷ್ಟಪಡುವ ಮಕ್ಕಳಿಗೆ ಮಾತ್ರ. ದಿನಕ್ಕೆ ಇಬ್ಬರು ಶಿಕ್ಷಕರು ಸರದಿಯಲ್ಲಿ. ಸರದಿಯವರಿಗೆ ಮಾರನೆಯ ದಿನ ಮೊದಲ ಪೀರಿಯಡ್ ಬಿಡುವು. ಬುಧವಾರದ ಸರದಿ ಅವರದ್ದೇ. ನನಗೆ ಮಂಗಳವಾರ ಮತ್ತು ಶುಕ್ರವಾರ ಬಂತು, ಉಳಿದ ದಿನ 5.10ರ ಬಸ್ಸು.

ನವೆಂಬರ್, ಡಿಸೆಂಬರ್ ಅಪಾರ್ ಐಡಿಯ ತಿಂಗಳು, ಅಂದರೆ ಪ್ರತಿ ಮಗುವಿಗೂ ದೇಶಮಟ್ಟದ ವಿದ್ಯಾರ್ಥಿ ಗುರುತಿನ ಸಂಖ್ಯೆ ಮಾಡಿಸುವ ಕೆಲಸ. ಪ್ರತಿ ವಿದ್ಯಾರ್ಥಿಗೂ ಪೋಷಕರ ಒಪ್ಪಿಗೆ ಪತ್ರ ಬೇಕು, ಆಧಾರ್‌ನಲ್ಲಿರುವ ಹೆಸರೂ ಶಾಲೆಯ ದಾಖಲೆಯ ಹೆಸರೂ ಅಕ್ಷರಕ್ಕೆ ಅಕ್ಷರ ಹೊಂದಬೇಕು. ನಮ್ಮ ಕಡೆ ಒಬ್ಬನೇ ಹುಡುಗ ಒಂದರಲ್ಲಿ ಮಂಜುನಾಥ, ಇನ್ನೊಂದರಲ್ಲಿ ಮಂಜುನಾಥ ಎಂ., ಪಡಿತರ ಚೀಟಿಯಲ್ಲಿ ಮಂಜ. ಇದನ್ನು ನಮ್ಮ ಬಿಡುವಿನ ಪೀರಿಯಡ್‌ಗಳಲ್ಲಿ ಮಾಡಿಸಿದ್ದರೆ ಮತ್ತೆ ಹಳೆಯ ಪಾಡೇ. ಎರಡು ಶನಿವಾರ ಪೋಷಕರನ್ನು ಕರೆಸಿ, ಗುಮಾಸ್ತರು ಮತ್ತು ಇಬ್ಬರು ಶಿಕ್ಷಕರು ಕೂತು ಮುಕ್ಕಾಲು ಪಾಲು ಮುಗಿಸಿದರು. ಉಳಿದದ್ದನ್ನು ಎಚ್.ಎಂ. ತಮ್ಮ ಕೋಣೆಯಲ್ಲಿ ಕನ್ನಡಕ ಹಾಕಿಕೊಂಡು ಒಂದೊಂದೇ ಮಾಡಿದರು.

ಇದೇ ಹೊತ್ತಿನಲ್ಲಿ ಹಿಂದಿ ಮೇಡಂಗೆ ಶಿಶುಪಾಲನಾ ರಜೆ ಸಿಕ್ಕಿತು. ಮಹಿಳಾ ನೌಕರರಿಗೆ 180 ದಿನಗಳ ಈ ರಜೆಯನ್ನು ರಾಜ್ಯ ಸರ್ಕಾರ 2021ರಲ್ಲೇ ಕೊಟ್ಟಿದೆ. ಕೇಳಿದರೆ ಏನನ್ನುತ್ತಾರೋ ಎಂದು ಅವರು ಒಂದು ವರ್ಷದಿಂದ ಅರ್ಜಿಯನ್ನು ಬ್ಯಾಗಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದರು. ಎಚ್.ಎಂ. ಅದನ್ನು ಓದಿ, "ಎರಡು ತಿಂಗಳು ಈಗ ತಗೊಳ್ಳಿ, ಮಗು ಸ್ಕೂಲಿಗೆ ಸೇರೋವಾಗ ಮತ್ತೆ ಬೇಕಾಗುತ್ತೆ" ಎಂದು ಶಿಫಾರಸು ಬರೆದು ಕಳಿಸಿದರು. ಅವರ ಪೀರಿಯಡ್‌ಗಳನ್ನು ನಾವು ಹಂಚಿಕೊಂಡೆವು. ಗೊಣಗಿದವರು ಯಾರೂ ಇಲ್ಲ.

ನನಗೆ ಏನಾಯಿತು ಎಂದರೆ, ತಯಾರಿ ಮಾಡಿಕೊಂಡು ಪಾಠ ಮಾಡತೊಡಗಿದೆ. ಸಮಾಂತರ ಶ್ರೇಢಿ ಪಾಠಕ್ಕೆ ಮಕ್ಕಳಿಗೆ ಮನೆಯಿಂದ ಒಂದೊಂದು ತೆಂಗಿನಕಾಯಿ ತರಲು ಹೇಳಿದೆ. ಅಂಗಳದಲ್ಲಿ ಕೆಳಗಿನ ಸಾಲಿಗೆ ಐದು, ಅದರ ಮೇಲೆ ನಾಲ್ಕು, ಮೂರು, ಎರಡು, ತುದಿಗೆ ಒಂದು. ಹದಿನೈದು ಕಾಯಿ. ಪಕ್ಕದಲ್ಲಿ ಅಂಥದ್ದೇ ಇನ್ನೊಂದು ರಾಶಿಯನ್ನು ತಲೆಕೆಳಗಾಗಿ ಜೋಡಿಸಿದ್ದೇವೆ ಅಂದುಕೊಳ್ಳಿ, ಪ್ರತಿ ಸಾಲಿನಲ್ಲೂ ಒಟ್ಟು ಎಷ್ಟಾಯಿತು ಎಂದೆ. ಕಾಯಿ ಸುಲಿಯುವವರ ಮನೆಯ ಹುಡುಗನೊಬ್ಬ, ಯಾವತ್ತೂ ಬಾಯಿ ಬಿಡದವನು, "ಎಲ್ಲಾ ಸಾಲೂ ಆರೇ ಮಿಸ್. ಐದು ಸಾಲು ಮೂವತ್ತು. ಅರ್ಧ ಮಾಡಿದ್ರೆ ಹದಿನೈದು" ಎಂದ. ಸೂತ್ರವನ್ನು ನಾನಿನ್ನೂ ಬೋರ್ಡಿನ ಮೇಲೆ ಬರೆದಿರಲಿಲ್ಲ. ಅವತ್ತು ಮನೆಗೆ ಹೋಗಿ ಮಗಳಿಗೂ ನಿಂಬೆಹಣ್ಣಿನಲ್ಲಿ ಅದೇ ರಾಶಿ ಕಟ್ಟಿ ತೋರಿಸಿದೆ. ಮಾವನವರೂ ಕೂತು ಎಣಿಸಿದರು.

2025ರ ಮೇ 2ರಂದು ಫಲಿತಾಂಶ ಬಂತು. ಈ ಸಲ ಶೇ 20ರ ಕೃಪಾಂಕ ಇರಲಿಲ್ಲ. ನಮ್ಮ ಐವತ್ತೆರಡು ಮಕ್ಕಳಲ್ಲಿ ಮೊದಲ ಪರೀಕ್ಷೆಯಲ್ಲಿ ಮೂವತ್ತಾರು ಮಂದಿ ಪಾಸಾದರು, ಎರಡನೆಯದರಲ್ಲಿ ಇನ್ನು ಏಳು. ದೊಡ್ಡ ಗೆಲುವೇನಲ್ಲ. ಸಭೆಯಲ್ಲಿ ಮತ್ತೆ ನಮ್ಮ ಶಾಲೆಯ ಹೆಸರು ಬಂತು. ಎಚ್.ಎಂ. ಎದ್ದು ನಿಂತು, ಯಾವ ಮಗು ಯಾವ ಅಂಕದಿಂದ ಎಲ್ಲಿಗೆ ಬಂದಿದೆ ಎಂಬ ಪಟ್ಟಿ ಓದಿದರಂತೆ. ಗಣಿತದಲ್ಲಿ ಯಾಕೆ ಹೀಗೆ, ಶಿಕ್ಷಕರಿಗೆ ನೋಟಿಸ್ ಕೊಟ್ಟಿದ್ದೀರಾ ಎಂದು ಕೇಳಿದ್ದಕ್ಕೆ, "ಶಾಲೆಗೆ ಎಚ್.ಎಂ. ನಾನು, ನೋಟಿಸ್ ಕೊಡೋದಾದ್ರೆ ನಂಗೆ ಕೊಡಿ" ಎಂದರಂತೆ. ಇದನ್ನು ಹೇಳಿದ್ದು ಪಕ್ಕದ ಶಾಲೆಯವರು. ನಮ್ಮ ಮುಂದೆ ಅವರು ಬಾಯಿ ಬಿಡಲೇ ಇಲ್ಲ. ಅವತ್ತು ವಾಪಸ್ ಬಂದು, ಮೂರನೇ ಪರೀಕ್ಷೆಗೆ ಕೂರಬೇಕಾದ ಮಕ್ಕಳ ಮನೆಗೆ ಯಾರ್ಯಾರು ಹೋಗೋಣ ಎಂದಷ್ಟೇ ಕೇಳಿದರು. ಕನ್ನಡ ಮೇಷ್ಟ್ರು ಎಲ್ಲರಿಗಿಂತ ಮೊದಲು ಕೈ ಎತ್ತಿದರು. ನಾನು ಹೋದ ಮನೆಗಳಲ್ಲಿ ಒಂದು, ಹಿಂದಿನ ಜೂನ್‌ನಲ್ಲಿ ನನ್ನ ಮಾತಿನಿಂದ ನೊಂದಿದ್ದ ಹುಡುಗಿಯದ್ದು. ಅವಳು ಕಾಫಿ ತಂದುಕೊಟ್ಟಳು. ನಾನು ಕ್ಷಮೆ ಕೇಳಿದೆ. "ಬಿಡಿ ಮಿಸ್" ಎಂದಳು, ತಲೆ ತಗ್ಗಿಸಿಕೊಂಡೇ.

ಕೌನ್ಸೆಲಿಂಗ್ ಬಂದಾಗ ಸಿ.ಬಿ.ಝಡ್. ಮೇಡಂ ಅರ್ಜಿ ಹಾಕಲಿಲ್ಲ.

ನಿಜವಾದ ಪರೀಕ್ಷೆ ಬಂದದ್ದು ರಾಜ್ಯ ಸರ್ಕಾರದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಯಲ್ಲಿ, ಜನ ಜಾತಿಗಣತಿ ಅನ್ನುವುದು ಇದನ್ನೇ. 2025ರ ಸೆಪ್ಟೆಂಬರ್ 22ಕ್ಕೆ ಶುರುವಾಯಿತು, ದಸರಾ ರಜೆಯಲ್ಲಿ. ಮನೆಮನೆಗೆ ಹೋಗಿ, ವಿದ್ಯುತ್ ಮೀಟರಿನ ಆಧಾರದ ಮೇಲೆ ಅಂಟಿಸಿದ ಚೀಟಿ ಹುಡುಕಿ, ಆ್ಯಪಿನಲ್ಲಿ 60 ಪ್ರಶ್ನೆ ತುಂಬಬೇಕು. ಮೊದಲ ದಿನಗಳಲ್ಲಿ ಆ್ಯಪ್ ತೆರೆಯುತ್ತಲೇ ಇರಲಿಲ್ಲ, ತೋಟದ ಮನೆಗಳಲ್ಲಿ ನೆಟ್‌ವರ್ಕ್ ಇಲ್ಲ. ಮುಗಿಯದೆ ಸರ್ಕಾರ ಅಕ್ಟೋಬರ್ 18ರವರೆಗೆ ಶಾಲೆಗಳಿಗೆ ರಜೆ ವಿಸ್ತರಿಸಿತು. ಮಕ್ಕಳಿಗೆ ರಜೆ, ನಮಗೆ ಬೀದಿ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ಹಾಕಬಾರದು ಎನ್ನುತ್ತದೆ. ಸಮೀಕ್ಷೆ ಬೇಕು ಅನ್ನುವವಳು ನಾನು. ಆದರೂ ಆ ಕೆಲಸಕ್ಕೆ ಪ್ರತಿ ಸಲ ಶಾಲೆಯಿಂದಲೇ ಜನ ತೆಗೆಯುವುದು ಮಕ್ಕಳಿಗೆ ಮಾಡುವ ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಎಚ್.ಎಂ.ಗೆ ಇದನ್ನು ತಪ್ಪಿಸುವ ಅಧಿಕಾರವಿರಲಿಲ್ಲ. ಅವರು ಮಾಡಿದ್ದು, ಸಕ್ಕರೆ ಕಾಯಿಲೆಯ ಕನ್ನಡ ಮೇಷ್ಟ್ರಿಗೆ ದೂರದ ಬ್ಲಾಕ್ ಬಂದಿದ್ದನ್ನು ಹತ್ತಿರದ ಬ್ಲಾಕಿನ ಪಿ.ಟಿ. ಸರ್ ಜೊತೆ ಬದಲಾಯಿಸಿಕೊಡಲು ಎರಡು ದಿನ ಕಚೇರಿಗೆ ಅಲೆದದ್ದು. ಹೆಂಗಸರು ಒಬ್ಬೊಬ್ಬರೇ ತೋಟದ ಮನೆಗಳಿಗೆ ಹೋಗದಂತೆ ಎಸ್‌ಡಿಎಂಸಿಯವರನ್ನು ಜೊತೆ ಮಾಡಿದ್ದು. ಶಾಲೆ ತೆರೆದ ಮೇಲೆ, ಹೋದ ದಿನಗಳನ್ನು ತುಂಬಲು ಭಾನುವಾರ ತರಗತಿ ಮಾಡಿ ಎಂಬ ಮಾತು ಬಂದಾಗ ಅವರು ಸುಮ್ಮನೆ ಹಳೆಯ ಹಾಳೆಗಳ ಕಡೆ ಕೈ ತೋರಿಸಿದರು. ಎಂಟು ಹಾಳೆ ಇನ್ನೂ ಗೋಡೆಯ ಮೇಲಿವೆ, ಅಂಚು ಹಳದಿಯಾಗಿದೆ. ಯಾವ ಪಾಠದಲ್ಲಿ ಏನು ಬಿಟ್ಟರೆ ನಡೆಯುತ್ತದೆ, ಯಾವುದನ್ನು ಎರಡು ವಿಷಯದವರು ಸೇರಿ ಮುಗಿಸಬಹುದು ಎಂದು ಕೂತು ಲೆಕ್ಕ ಹಾಕಿದೆವು. ಭಾನುವಾರ ಉಳಿಯಿತು.

ಸರಿಹೋಗದೆ ಉಳಿದದ್ದೂ ಇದೆ. ಇಂಗ್ಲಿಷ್ ಹುದ್ದೆ ಖಾಲಿಯೇ, ಅತಿಥಿ ಶಿಕ್ಷಕಿಯ ಗೌರವಧನ ಸಮಯಕ್ಕೆ ಬರುವುದಿಲ್ಲ. ಬೆಳಗಿನ ಬಸ್ಸನ್ನು ಇಪ್ಪತ್ತು ನಿಮಿಷ ಮುಂಚೆ ಬಿಡಿ ಎಂದು ಎಚ್.ಎಂ. ಮತ್ತು ಎಸ್‌ಡಿಎಂಸಿ ಅಧ್ಯಕ್ಷರು ಸಹಿ ಹಾಕಿ ಡಿಪೋಗೆ ಕೊಟ್ಟ ಅರ್ಜಿಗೆ ನಾಲ್ಕು ತಿಂಗಳ ಮೇಲೆ ಫಲ ಸಿಕ್ಕಿತು, ಈಗ 9.35ಕ್ಕೆ ಊರಲ್ಲಿರುತ್ತೇನೆ. ಮಳೆಗಾಲದಲ್ಲಿ ಮಾತ್ರ ಅದು ಮತ್ತೆ ತಡ.

ಈ ವಾರ ಪೂರ್ವಸಿದ್ಧತಾ ಪರೀಕ್ಷೆಯ ಪೇಪರ್ ತಿದ್ದುತ್ತಿದ್ದೇವೆ, ಸ್ಟಾಫ್ ರೂಮಿನ ಉದ್ದ ಮೇಜಿನ ಸುತ್ತ, ಎಲ್ಲರೂ. ಚಹಾ ಮತ್ತೆ ಶುರುವಾಗಿ ಬಹಳ ದಿನವಾಯಿತು, ಈ ತಿಂಗಳ ಹಾಲಿನ ದುಡ್ಡು ನನ್ನ ಪಾಳಿ. ಪೆನ್ನಿನ ಗೋಣಿದಾರ ಎರಡು ಸಲ ಬದಲಾಗಿದೆ. ನಿನ್ನೆ ಶುಕ್ರವಾರ, ಸಂಜೆ ತರಗತಿ ಮುಗಿಸಿ ಬಂದಾಗ ನನ್ನ ಕಟ್ಟಿನಲ್ಲಿ ಇನ್ನೂ ಹದಿನೆಂಟು ಪೇಪರ್ ಉಳಿದಿದ್ದವು. ಬ್ಯಾಗಿಗೆ ಹಾಕಿಕೊಳ್ಳಲು ಹೋದೆ. ಮೇಲೆ ನೋಡಿದರೆ ಹೊಸ ವೇಳಾಪಟ್ಟಿ, ಸೋಮವಾರ ಎರಡನೇ ಪೀರಿಯಡ್ ನನಗೆ ಬಿಡುವು. ಕಟ್ಟನ್ನು ಅಲ್ಮೇರಾದಲ್ಲಿಟ್ಟು ಬೀಗ ಹಾಕಿ ಬಸ್ ಸ್ಟಾಂಡಿಗೆ ನಡೆದೆ.